ಬಲೆಯನ್ನು ಸರಿಮಾಡುವವರು
ಸಭೆಯ ಹಿರಿಯರಿಗೂ ಸಭೆಯವರೆಲ್ಲರಿಗೂ ಒಂದು ಪಾಠ

ಓದತಕ್ಕ ವೇದಭಾಗಗಳು: ವಿಮೋಚನಕಾಂಡ 18:13–27, ಮಾರ್ಕ 6:7–13, 30–32, ಅಪೊಸ್ತಲರ ಕೃತ್ಯಗಳು 6:1–7, 18:24–28, ಎಫೆಸದವರಿಗೆ 4:11–16.



ನಾವು ಒಂದು ಹಳ್ಳಿಯ ಸಭೆಯನ್ನು ಬಲ್ಲೆವು. ಅಲ್ಲಿ ಸುಮಾರು 20 ಕ್ರೈಸ್ತ ಮನೆಗಳುಂಟು. ಎಲ್ಲರೂ ಹೊಲಗೆಲಸದಿಂದ ಜೀವಿಸುವವರು. ಅವರ ಉಪದೇಶಿಗಳು ಬಹು ನಂಬಿಗಸ್ತರು. ಆರಾಧನೆಗೆ ಗಂಟೆ ಹೊಡೆಯುವವರು ಅವರೇ, ದೀಪ ಹಚ್ಚುವವರು ಅವರೇ, ವೇದ ಓದುವವರು ಅವರೇ, ಕಾಣಿಕೆ ಎಣಿಸುವವರು ಅವರೇ. ಒಬ್ಬನಿಗೆ ಜ್ವರ ಬಂದರೆ ಅವರು ಹೋಗಬೇಕು. ಇಬ್ಬರು ಜಗಳವಾಡಿದರೆ ಅವರು ಬರಬೇಕು. ಮುದುಕಿಯೊಬ್ಬಳಿಗೆ ವೃದ್ಧಾಪ್ಯ ವೇತನದ ಅರ್ಜಿ ಬೇಕಾದರೆ ಅವರು ಬರೆಯಬೇಕು. ಊರಿನವರು ಇದನ್ನು ಕಂಡು, ಇಂಥ ಉಪದೇಶಿಗಳು ಬೇರೆ ಯಾರಿಗೂ ಇಲ್ಲವೆಂದು ಹಿಗ್ಗುತ್ತಿದ್ದರು. ನಾವೂ ಆ ಸಭೆಯನ್ನು ನೋಡುವದಕ್ಕೆ ಹೋದಾಗಲೆಲ್ಲಾ ಅವರನ್ನು ಎಲ್ಲರ ಮುಂದೆ ಹೊಗಳಿ ಬರುತ್ತಿದ್ದೆವು.

ಒಂದು ಮಳೆಗಾಲದಲ್ಲಿ ಅವರು ಹೊಲದ ಬದುವಿನಿಂದ ಜಾರಿ ಬಿದ್ದು ತೊಡೆಯ ಎಲುಬು ಮುರುಕೊಂಡರು. ಮೂರು ತಿಂಗಳು ಪಟ್ಟಣದ ಆಸ್ಪತ್ರೆಯಲ್ಲಿಯೂ ಮಗಳ ಮನೆಯಲ್ಲಿಯೂ ಮಲಗಬೇಕಾಯಿತು. ಆ ಮೂರು ತಿಂಗಳು ಆಲಯದ ಬಾಗಿಲು ತೆರೆಯಲಿಲ್ಲ. ಇದು ದುಃಖದ ಸಂಗತಿಯೇ. ಆದರೆ ಇದಕ್ಕಿಂತ ಹೆಚ್ಚಿನದು ಒಂದುಂಟು. ಆ ಕೇರಿಯಲ್ಲಿ ಕ್ಷಯರೋಗವಿದ್ದ ಒಬ್ಬ ವಿಧವೆ ಇದ್ದಳು. ಅವಳಿಗೆ ಬೇಕಾದ ಗುಳಿಗೆಗಳನ್ನು ಉಪದೇಶಿಗಳು ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದಿಂದ ತಂದು ಕೊಡುತ್ತಿದ್ದರು. ಅವರು ಮಲಗಿದ ಮೇಲೆ ಗುಳಿಗೆ ತರುವವರು ಯಾರೂ ಇರಲಿಲ್ಲ. ಅವಳು ಎರಡು ತಿಂಗಳು ಔಷಧವಿಲ್ಲದೆ ಇದ್ದಳು. ಕೆಮ್ಮಿನಲ್ಲಿ ರಕ್ತ ಬಂದಾಗ ಮಾತ್ರ ಅವಳ ತಮ್ಮನು ದೂರದ ಊರಿನಿಂದ ಬಂದು ಆಸ್ಪತ್ರೆಗೆ ಕರಕೊಂಡು ಹೋದನು.

ನೆರೆಯವರು ಕಠಿಣ ಹೃದಯದವರೋ? ಅಲ್ಲ. ಮೊದಲನೆಯ ವಾರದಲ್ಲಿ ಮೂರು ಮನೆಗಳಿಂದ ಅವಳಿಗೆ ಗಂಜಿ ಹೋಯಿತು. ನಾವು ಆ ಕೇರಿಗೆ ಹೋಗಿ ಅವರನ್ನು ವಿಚಾರಿಸಿದಾಗ, ಅದು ಉಪದೇಶಿಗಳ ಕೆಲಸವಲ್ಲವೋ, ನಮಗೆ ಅದು ಹೇಗೆ ತಿಳಿಯಬೇಕು ಎಂದು ಅವರು ಕಣ್ಣೀರಿನಿಂದ ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಉಪದೇಶಿಗಳ ಬಳಿಗೆ ಹೋದೆವು. ಅವರು ಮಲಗಿದಲ್ಲಿಂದಲೇ ನಮ್ಮ ಕೈ ಹಿಡಿದು, ತಾವು ಇಷ್ಟು ವರುಷ ಸಭೆಯವರಿಗೋಸ್ಕರ ಎಲ್ಲವನ್ನು ಮಾಡಿದರೂ ಅವರಿಗೆ ಒಂದನ್ನಾದರೂ ಮಾಡಕಲಿಸಲಿಲ್ಲವೆಂದು ಹೇಳಿ ಅತ್ತರು. ತಪ್ಪು ಅವರೊಬ್ಬರದಲ್ಲ, ನಮ್ಮದು ಸಹ. ಯಾಕಂದರೆ ಅವರು ಒಬ್ಬರೇ ಹೊರೆ ಹೊರುವದನ್ನು ಕಂಡು ನಾವು ಹೊಗಳಿದೆವೇ ಹೊರತು, ಬೇರೆ ಹೆಗಲುಗಳು ಎಲ್ಲಿ ಎಂದು ಒಮ್ಮೆಯೂ ಕೇಳಲಿಲ್ಲ.

ಆದದರಿಂದ ಈ ತಿಂಗಳಿನ ಪಾಠದಲ್ಲಿ, ಸಭೆಯ ನಾಯಕರು ಸಾಧಾರಣ ವಿಶ್ವಾಸಿಗಳನ್ನು ಸೇವೆಗೆ ಹೇಗೆ ಸಿದ್ಧಮಾಡಬೇಕೆಂಬದನ್ನು ನಿಮ್ಮ ಸಂಗಡ ಆಲೋಚಿಸುತ್ತೇವೆ.

1. ಸೇವೆಯ ಕೆಲಸ ಯಾರದು?

ಎಫೆಸದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯವನ್ನು ತೆರೆದು ನೋಡಿರಿ. ಕ್ರಿಸ್ತನು ತನ್ನ ಸಭೆಗೆ ಅಪೊಸ್ತಲರನ್ನು, ಪ್ರವಾದಿಗಳನ್ನು, ಸುವಾರ್ತಿಕರನ್ನು, ಸಭಾಪಾಲಕರನ್ನು, ಉಪದೇಶಕರನ್ನು ವರವಾಗಿ ಕೊಟ್ಟನೆಂದು ಅಲ್ಲಿ ಬರೆದದೆ. ಯಾತಕ್ಕೋಸ್ಕರ ಕೊಟ್ಟನು? ಅವರೇ ಎಲ್ಲಾ ಸೇವೆಯನ್ನು ಮಾಡಿ ಮುಗಿಸಲಿ ಎಂದಲ್ಲ. ದೇವಜನರು ಸೇವೆಯ ಕೆಲಸಕ್ಕೆ ಸಿದ್ಧರಾಗುವಂತೆ ಅವರನ್ನು ಕೊಟ್ಟನು. ಹೀಗಿರಲಾಗಿ ಸೇವೆ ಸಭೆಯವರೆಲ್ಲರದು. ಅವರನ್ನು ಸಿದ್ಧಮಾಡುವದು ನಾಯಕರದು.

ಇಲ್ಲಿ ಸಿದ್ಧಮಾಡುವದು ಎಂಬುದಕ್ಕೆ ಗ್ರೀಕ್ ಮೂಲದಲ್ಲಿ ಕತಾರ್ತಿಸ್ಮೊಸ್ ಎಂಬ ಪದವಿದೆ. ಇದೇ ಮೂಲದ ಮಾತನ್ನು ಮಾರ್ಕನ ಸುವಾರ್ತೆಯ ಒಂದನೆಯ ಅಧ್ಯಾಯದಲ್ಲಿ ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರ ವಿಷಯವಾಗಿ ಉಪಯೋಗಿಸಿದೆ. ಅವರು ದೋಣಿಯಲ್ಲಿ ಕೂತು ಬಲೆಗಳನ್ನು ಸರಿಮಾಡುತ್ತಿದ್ದರು. ಹರಿದ ಕಣ್ಣುಗಳನ್ನು ಹೆಣೆದು, ಸಿಕ್ಕು ಬಿಡಿಸಿ, ನಾಳೆಯ ಕೆಲಸಕ್ಕೆ ಬಲೆಯನ್ನು ಅಣಿಮಾಡುವದು ಇದರ ಅರ್ಥ. ಗ್ರೀಕ್ ವೈದ್ಯರಾದರೋ ಈ ಪದವನ್ನು ಜಾರಿದ ಅಥವಾ ಮುರಿದ ಎಲುಬನ್ನು ಅದರ ಸ್ಥಳದಲ್ಲಿ ಕೂಡಿಸುವದಕ್ಕೆ ಹೇಳುತ್ತಿದ್ದರು.

ಈ ಎರಡು ಹೋಲಿಕೆಗಳನ್ನು ಮನಸ್ಸಿನಲ್ಲಿಡಿರಿ. ಬಲೆಯನ್ನು ಸರಿಮಾಡುವವನು ಬಲೆಗೆ ಬದಲಾಗಿ ತಾನೇ ನೀರಿಗೆ ಹಾರಿ ಮೀನು ಹಿಡಿಯುವದಿಲ್ಲ. ಎಲುಬು ಕೂಡಿಸುವವನು ರೋಗಿಯನ್ನು ಜೀವಮಾನವೆಲ್ಲಾ ಹೊತ್ತುಕೊಂಡು ತಿರುಗುವದಿಲ್ಲ. ರೋಗಿಯು ತಿರಿಗಿ ತನ್ನ ಕಾಲಿನಿಂದ ನಡೆಯುವಂತೆ ಮಾಡುತ್ತಾನೆ. ನಮ್ಮ ಸಭೆಗಳಲ್ಲಿ ಎಷ್ಟೋ ಅವಯವಗಳು ಇದ್ದ ಸ್ಥಳ ಬಿಟ್ಟು ಜಾರಿವೆ. ಕೆಲವರು ಮನಸ್ತಾಪದಿಂದ ದೂರವಾಗಿದ್ದಾರೆ, ಕೆಲವರು ನಾಚಿಕೆಯಿಂದ ಹಿಂದೆ ಕೂತಿದ್ದಾರೆ, ಕೆಲವರನ್ನು ಯಾರೂ ಎಂದಿಗೂ ಕರೆದಿಲ್ಲ. ಇವರನ್ನು ಅವರವರ ಸ್ಥಾನದಲ್ಲಿ ಕೂಡಿಸುವದೇ ನಾಯಕನ ಕೆಲಸ.

2. ಮೋಶೆಯ ಮಾವನು ಕಂಡದ್ದೇನು?

ಮೋಶೆಯು ಬೆಳಗಿನಿಂದ ಸಾಯಂಕಾಲದ ವರೆಗೆ ಒಬ್ಬನೇ ಕೂತು ಜನರ ನ್ಯಾಯ ತೀರಿಸುತ್ತಿದ್ದನು. ಜನರು ಸಾಲಾಗಿ ನಿಂತಿದ್ದರು. ಅವನ ಮಾವನಾದ ಇತ್ರೋನನು ನೋಡಲಿಕ್ಕೆ ಬಂದವನು, ಇದು ಒಳ್ಳೇದಲ್ಲ, ನೀನೂ ಸೋತುಹೋಗುವಿ ಜನರೂ ಸೋತುಹೋಗುವರು ಎಂಬ ಅಭಿಪ್ರಾಯವನ್ನು ತಿಳಿಸಿದನು. ಇದನ್ನು ಗಮನಿಸಿರಿ: ಒಬ್ಬನೇ ಎಲ್ಲವನ್ನು ಮಾಡುವದರಿಂದ ಮಾಡುವವನಿಗೆ ಮಾತ್ರ ದಣಿವಲ್ಲ, ಕಾದು ನಿಂತವರಿಗೂ ನಷ್ಟ.

ಇತ್ರೋನನು ಕೊಟ್ಟ ಬುದ್ಧಿಯಲ್ಲಿ ಮೂರು ಸಂಗತಿಗಳುಂಟು. ಮೊದಲನೆಯದು, ಜನರಿಗೆ ದೇವರ ವಿಧಿಗಳನ್ನೂ ನಡೆಯತಕ್ಕ ದಾರಿಯನ್ನೂ ಕಲಿಸಬೇಕು. ಎರಡನೆಯದು, ದೇವಭಯವುಳ್ಳವರೂ ಸತ್ಯವಂತರೂ ಲಂಚಕ್ಕೆ ಹೇಸುವವರೂ ಆದವರನ್ನು ಆರಿಸಬೇಕು. ಮೂರನೆಯದು, ಅವರನ್ನು ಸಾವಿರ ಮಂದಿಯ ಮೇಲೆ, ನೂರು ಮಂದಿಯ ಮೇಲೆ, ಐವತ್ತು ಮಂದಿಯ ಮೇಲೆ, ಹತ್ತು ಮಂದಿಯ ಮೇಲೆ ನೇಮಿಸಬೇಕು. ಎಲ್ಲರಿಗೂ ಒಂದೇ ಅಳತೆಯ ಹೊರೆಯಲ್ಲ. ಹತ್ತು ಮಂದಿಯನ್ನು ನೋಡಿಕೊಳ್ಳಲಿಕ್ಕೆ ಶಕ್ತನಾದವನಿಗೆ ಸಾವಿರ ಮಂದಿಯನ್ನು ಒಪ್ಪಿಸಬಾರದು. ಹತ್ತು ಮಂದಿಯನ್ನು ನೋಡಿಕೊಳ್ಳುವ ಕೆಲಸವನ್ನು ಅಲ್ಪವೆಂದು ಎಣಿಸಲೂಬಾರದು. ಹತ್ತು ಮಂದಿಗೆ ಹುಲ್ಲುಕಡ್ಡಿಯಾದದ್ದು ಒಬ್ಬನಿಗೆ ತಲೆಹೊರೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವದುಂಟಲ್ಲವೇ? ದೇವರೊಂದಿಗೆ ಮಾತಾಡಿದ ಮೋಶೆಯೇ ತನ್ನ ಮಾವನ ಬುದ್ಧಿಗೆ ಕಿವಿಗೊಟ್ಟಿರಲಾಗಿ, ಹಿರಿಯರಾದ ನಾವು ಇಂಥ ಬುದ್ಧಿಯನ್ನು ತಳ್ಳಿಬಿಡುವದು ತಕ್ಕದ್ದಲ್ಲ.

3. ಯೆರೂಸಲೇಮಿನ ಏಳು ಮಂದಿ

ಯೆರೂಸಲೇಮಿನ ಸಭೆಯಲ್ಲಿ ಶಿಷ್ಯರು ಹೆಚ್ಚಾದಾಗ ಗುಣುಗುಟ್ಟುವಿಕೆ ಹುಟ್ಟಿತು. ಗ್ರೀಕ್ ಭಾಷೆಯನ್ನಾಡುವವರ ವಿಧವೆಯರು ದಿನದಿನದ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದರು. ಅಪೊಸ್ತಲರು ಈ ದೂರನ್ನು ಅಡಗಿಸಲಿಲ್ಲ. ದೂರು ತಂದವರನ್ನು ಗದರಿಸಲಿಲ್ಲ. ತಾವೇ ಪಾತ್ರೆ ಹಿಡಿದು ಬಡಿಸಲಿಕ್ಕೆ ಹೋಗಲೂ ಇಲ್ಲ. ಸಭೆಯನ್ನು ಕೂಡಿಸಿ, ಒಳ್ಳೇ ಹೆಸರುಳ್ಳ ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿರಿ ಎಂದು ಹೇಳಿದರು. ಸಭೆ ಆರಿಸಿತು, ಅಪೊಸ್ತಲರು ಪ್ರಾರ್ಥಿಸಿ ಅವರ ಮೇಲೆ ಕೈಗಳನ್ನಿಟ್ಟರು.

ಆ ಏಳು ಮಂದಿಯ ಹೆಸರುಗಳನ್ನು ನೋಡಿದರೆ ಏಳೂ ಗ್ರೀಕ್ ಹೆಸರುಗಳೇ. ಯಾರ ವಿಧವೆಯರಿಗೆ ಅನ್ಯಾಯವಾಯಿತೋ ಅವರ ಕಡೆಯವರಿಗೇ ಹಂಚುವ ಅಧಿಕಾರವನ್ನು ಸಭೆ ಒಪ್ಪಿಸಿತೆಂದು ಇದರಿಂದ ತೋರುತ್ತದೆ. ನಮ್ಮ ಸಭೆಗಳಲ್ಲಿ ಹಿರಿಯರನ್ನು ಆರಿಸುವಾಗ ಒಂದೇ ಮನೆತನದವರು, ಹೊಲವುಳ್ಳವರು, ಮಾತು ಬಲ್ಲವರು ಮಾತ್ರ ಬರುತ್ತಾರೋ, ಅಥವಾ ಕೇರಿಯ ಕೊನೆಯ ಮನೆಯವರೂ ಬರುತ್ತಾರೋ ಎಂದು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ. ಹಸಿವೆ ಎಲ್ಲಿದೆ ಎಂಬದು ಹಸಿದವರಿಗೇ ಚೆನ್ನಾಗಿ ಗೊತ್ತು.

ಇನ್ನೊಂದು ಸಂಗತಿ. ಊಟ ಹಂಚುವದಕ್ಕೆ ನೇಮಿಸಲ್ಪಟ್ಟ ಸ್ತೆಫನನು ಸ್ವಲ್ಪ ಕಾಲದಲ್ಲಿಯೇ ಧೈರ್ಯವುಳ್ಳ ಸಾಕ್ಷಿಯಾಗಿ ಪ್ರಾಣ ಕೊಟ್ಟನು. ಫಿಲಿಪ್ಪನು ಸಮಾರ್ಯಕ್ಕೆ ಹೋಗಿ ಸುವಾರ್ತೆಯನ್ನು ಸಾರಿದನು. ಸಣ್ಣ ಸೇವೆಯಲ್ಲಿ ನಂಬಿಗಸ್ತನಾದವನನ್ನು ದೇವರು ಯಾವ ಸೇವೆಗೆ ಕರೆಯುತ್ತಾನೆಂದು ನೇಮಿಸುವವರಿಗೆ ಮೊದಲೇ ತಿಳಿಯದು.

4. ಕರ್ತನು ತನ್ನವರನ್ನು ಸಿದ್ಧಮಾಡಿದ ರೀತಿ

ನಮ್ಮ ಕರ್ತನು ಹನ್ನೆರಡು ಮಂದಿಯನ್ನು ಆರಿಸಿದ್ದು ಮೊದಲು ತನ್ನ ಸಂಗಡ ಇರುವದಕ್ಕಾಗಿ. ಅವರು ಆತನೊಂದಿಗೆ ನಡೆದರು, ಉಂಡರು, ಆತನು ರೋಗಿಗಳನ್ನು ಮುಟ್ಟಿದ್ದನ್ನೂ ಮಕ್ಕಳನ್ನು ಎತ್ತಿಕೊಂಡದ್ದನ್ನೂ ಕಂಡರು. ಆಮೇಲೆ ಆತನು ಅವರನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದನು. ಅವರು ತಿರಿಗಿ ಬಂದು ತಾವು ಮಾಡಿದ್ದನ್ನೂ ಕಲಿಸಿದ್ದನ್ನೂ ಆತನಿಗೆ ತಿಳಿಸಿದರು. ಆತನು ಅದನ್ನು ಕೇಳಿ, ಅವರನ್ನು ಏಕಾಂತಕ್ಕೆ ಕರಕೊಂಡು ಹೋಗಿ ದಣಿವಾರಿಸಿಕೊಳ್ಳ ಹೇಳಿದನು. ಮತ್ತೊಂದು ಸಾರಿ ಅವರು ಒಬ್ಬ ಹುಡುಗನ ಪೀಡೆಯನ್ನು ಬಿಡಿಸಲಾರದೆ ಸೋತಾಗ, ತಮಗೆ ಯಾಕೆ ಆಗಲಿಲ್ಲವೆಂದು ಪ್ರತ್ಯೇಕವಾಗಿ ಆತನನ್ನು ಕೇಳಿದರು. ಆತನು ಉತ್ತರ ಹೇಳಿದನು, ಅವರನ್ನು ತಳ್ಳಿಬಿಡಲಿಲ್ಲ.

ಎತ್ತುಗಳಿಂದ ಉಳುವವರು ಇದನ್ನು ಬಲ್ಲರು. ಎಳೆಯ ಹೋರಿಗೆ ಉಳುಮೆ ಕಲಿಸಬೇಕಾದರೆ ಅದರ ಮುಂದೆ ಪ್ರಸಂಗ ಮಾಡುವದಿಲ್ಲ. ಪಳಗಿದ ಎತ್ತಿನ ಜೊತೆಯಲ್ಲಿ ನೊಗಕ್ಕೆ ಹೂಡುತ್ತಾರೆ. ಮೊದಲ ದಿವಸ ಸ್ವಲ್ಪ ಹೊತ್ತು ಮಾತ್ರ. ಸಾಲು ಸೊಟ್ಟಗಾದರೆ ತಿರಿಗಿ ಹೊಡೆಯುತ್ತಾರೆ. ಹೋರಿಯನ್ನು ಕೊಟ್ಟಿಗೆಗೆ ಕಟ್ಟಿ ಮರೆತುಬಿಡುವದಿಲ್ಲ. ನಾವಾದರೋ ಸಹೋದರನೊಬ್ಬನು ಪ್ರಾರ್ಥನೆಯಲ್ಲಿ ಒಂದು ಸಾರಿ ತಡವರಿಸಿದರೆ ಅವನನ್ನು ಇನ್ನೆಂದಿಗೂ ಕರೆಯುವದಿಲ್ಲ.

5. ಡೇರೆ ಹೊಲಿಯುವ ದಂಪತಿಗಳು

ಅಕ್ವಿಲನೂ ಪ್ರಿಸ್ಕಿಲ್ಲಳೂ ಡೇರೆ ಮಾಡುವ ಕಸುಬಿನವರು. ಕೊರಿಂಥದಲ್ಲಿ ಪೌಲನು ಅವರ ಮನೆಯಲ್ಲಿ ಇಳುಕೊಂಡು ಅವರ ಜೊತೆಯಲ್ಲಿ ಅದೇ ಕೆಲಸ ಮಾಡಿದನು. ಆ ಪಟ್ಟಣದಲ್ಲಿ ಅವನು ಒಂದು ವರುಷ ಆರು ತಿಂಗಳು ಇದ್ದನು. ಹೊಲಿಯುತ್ತಾ ಕೂತಾಗ ಏನೇನು ಮಾತಾಡಿದರೆಂದು ಬರೆದಿಲ್ಲ. ಆದರೆ ಅದರ ಫಲವನ್ನು ಎಫೆಸದಲ್ಲಿ ಕಾಣುತ್ತೇವೆ. ವಾಕ್ಚಾತುರ್ಯವುಳ್ಳ ಅಪೊಲ್ಲೋಸನು ಅಲ್ಲಿಗೆ ಬಂದು ಬೋಧಿಸುವಾಗ ಅವನ ತಿಳುವಳಿಕೆಯಲ್ಲಿ ಕೊರತೆಯಿತ್ತು. ಆ ದಂಪತಿಗಳು ಅವನನ್ನು ಎಲ್ಲರ ಮುಂದೆ ಅವಮಾನಪಡಿಸದೆ, ತಮ್ಮಲ್ಲಿಗೆ ಕರಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಅಲ್ಲಿ ಹೆಂಡತಿಯ ಹೆಸರನ್ನೇ ಹಳೆಯ ಪ್ರತಿಗಳಲ್ಲಿ ಮೊದಲು ಬರೆದದೆ. ಕೈಕಸುಬಿನವಳಾದ ಒಬ್ಬ ಸ್ತ್ರೀಯು ವಿದ್ವಾಂಸನಿಗೆ ಕಲಿಸಿದಳು, ಅವನೂ ಕಲಿತುಕೊಂಡನು. ನಮ್ಮ ಸಭೆಗಳ ಅಕ್ಕತಂಗಿಯರು ಇದನ್ನು ಓದಿ ಧೈರ್ಯ ತಂದುಕೊಳ್ಳಲಿ.

6. ನಮ್ಮ ದೇಶದಲ್ಲಿ ನಡೆದದ್ದು

ಬಾಸೆಲ್ ಮಿಶನಿನ ಮೊದಲನೆಯ ಬೋಧಕರು 1834ರಲ್ಲಿ ಮಂಗಳೂರಿಗೆ ಬಂದರು. ಹೊರಗಿನಿಂದ ಬಂದವರೇ ಎಲ್ಲವನ್ನು ಮಾಡಲಾರರೆಂದು ತಿಳಿದು, ಈ ದೇಶದ ಯೌವನಸ್ಥರಿಗೆ ಕಲಿಸುವ ಕೆಲಸವನ್ನು ಕೈಕೊಂಡರು. 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಆನಂದರಾವ್ ಕೌಂಡಿನ್ಯರು ಬಾಸೆಲ್ ಪಟ್ಟಣದಲ್ಲಿ ಅಭ್ಯಾಸ ಮಾಡಿ, 1851ರಲ್ಲಿ ತಿರಿಗಿ ಬಂದು, ಮಂಗಳೂರಿನಲ್ಲಿ ಉಪದೇಶಿಗಳಾಗತಕ್ಕವರಿಗೆ ಪಾಠ ಹೇಳಿದರು. ಕಲಿತವನು ಕಲಿಸುವವನಾದನು. ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿಯೂ ಇದೇ ಕ್ರಮವುಂಟು: ಪೌಲನಿಂದ ತಿಮೊಥೆಯನಿಗೆ, ತಿಮೊಥೆಯನಿಂದ ನಂಬಿಗಸ್ತರಾದ ಮನುಷ್ಯರಿಗೆ, ಅವರಿಂದ ಇತರರಿಗೆ.

ಆದರೆ ಕೆಲವರಿಗೆ ಮಾತ್ರ ಕಲಿಸಿ ನಿಲ್ಲಿಸಿದರೆ ಸಾಲದು. ತೆಲುಗು ಸೀಮೆಯ ದೋರ್ನಕಲ್ಲಿನ ಸಂಗತಿಯನ್ನು ಕೇಳಿರಿ. ವೇದನಾಯಗಂ ಸಾಮುವೇಲ್ ಅಜರಯ್ಯನವರು 1912ರಲ್ಲಿ ಅಲ್ಲಿ ಬಿಷಪರಾದರು. ಆಂಗ್ಲಿಕನ್ ಸಭೆಯಲ್ಲಿ ಭಾರತೀಯರೊಳಗಿಂದ ಬಿಷಪರಾದವರಲ್ಲಿ ಅವರೇ ಮೊದಲನೆಯವರು. ಅಲ್ಲಿಯ ಕ್ರೈಸ್ತರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಗಳ ಬಡ ಕೂಲಿಗಾರರು. ಓದು ಬರಹ ತಿಳಿಯದವರೇ ಬಹಳ. ಇವರಿಗೆ ಮೊದಲು ಅಕ್ಷರ ಬರಲಿ, ಆಮೇಲೆ ಸೇವೆ ಎಂದು ಅಜರಯ್ಯನವರು ಕಾಯಲಿಲ್ಲ. ಕಥೆಗಳನ್ನೂ ಹಾಡುಗಳನ್ನೂ ಬಾಯಿಪಾಠವಾಗಿ ಕಲಿಸಿದರು. ದೀಕ್ಷಾಸ್ನಾನ ಹೊಂದಿದವರು ತಮ್ಮ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡು, ಸುವಾರ್ತೆಯನ್ನು ಸಾರದಿದ್ದರೆ ತಮ್ಮ ಗತಿ ಏನೆಂಬ ಅರ್ಥದ ಪೌಲನ ಮಾತನ್ನು ಸ್ವಂತ ಬಾಯಿಂದ ಹೇಳುವಂತೆ ಮಾಡಿದರು. ಬಿಷಪರ ಕೈಯಲ್ಲ, ಉಪದೇಶಿಯ ಕೈಯಲ್ಲ. ಗದ್ದೆಯಲ್ಲಿ ನಾಟಿ ಮಾಡಿ ಒರಟಾದ ಅವನ ಕೈ ಅವನ ತಲೆಯ ಮೇಲೆಯೇ. 1945ರಲ್ಲಿ ಅವರು ತೀರಿಕೊಂಡರೂ ಈ ಪಾಠ ತೀರಲಿಲ್ಲ.

7. ಹಿರಿಯರು ಮಾಡತಕ್ಕದ್ದೇನು?

ಮೊದಲು, ನೋಡಬೇಕು. ಸಭೆಯವರ ಪಟ್ಟಿಯನ್ನು ಎದುರಿನಲ್ಲಿಟ್ಟು, ಒಬ್ಬೊಬ್ಬರ ಹೆಸರಿನ ಮುಂದೆ ದೇವರು ಇವರಿಗೆ ಏನು ಕೊಟ್ಟಿದ್ದಾನೆಂದು ಪ್ರಾರ್ಥನೆಯಿಂದ ವಿಚಾರಿಸಿರಿ. ಒಬ್ಬಳಿಗೆ ರೋಗಿಯ ಹತ್ತರ ಸುಮ್ಮನೆ ಕೂತಿರುವ ತಾಳ್ಮೆಯುಂಟು. ಒಬ್ಬನಿಗೆ ಲೆಕ್ಕ ಗೊತ್ತು. ಒಬ್ಬ ಹುಡುಗನಿಗೆ ಕಚೇರಿಯ ಕಾಗದ ತುಂಬಲಿಕ್ಕೆ ಬರುತ್ತದೆ. ಒಬ್ಬ ಮುದುಕನ ಮಾತಿಗೆ ಜಗಳವಾಡುವವರು ತಗ್ಗುತ್ತಾರೆ. ಯೊಪ್ಪದ ತಬಿಥಳಿಗೆ ಇದ್ದದ್ದು ಒಂದು ಸೂಜಿ. ಅವಳು ಸತ್ತಾಗ ವಿಧವೆಯರು ಅವಳು ಮಾಡಿಕೊಟ್ಟ ಅಂಗಿಗಳನ್ನು ತೋರಿಸಿ ಅತ್ತರು.

ಎರಡನೆಯದಾಗಿ, ಹೆಸರು ಹಿಡಿದು ಕರೆಯಬೇಕು. ಯಾರಾದರೂ ಸಹಾಯ ಮಾಡಿರಿ ಎಂದು ಆರಾಧನೆಯಲ್ಲಿ ಹೇಳಿದರೆ ಯಾರೂ ಏಳುವದಿಲ್ಲ. ಅವರ ಮನೆಗೆ ಹೋಗಿ, ಜಗುಲಿಯ ಮೇಲೆ ಕೂತು, ಅಮ್ಮಾ, ಈ ಕೆಲಸಕ್ಕೆ ನೀವು ಬೇಕು ಎಂದು ಹೇಳಿರಿ. ಎಷ್ಟು ದಿವಸ, ಎಷ್ಟು ಹೊತ್ತು ಎಂಬದನ್ನೂ ತಿಳಿಸಿರಿ. ಕೂಲಿಯವರಿಗೆ ಒಂದು ದಿನ ಹೋದರೆ ಒಂದು ದಿನದ ಅನ್ನ ಹೋಗುತ್ತದೆಂಬದನ್ನು ಮರೆಯಬಾರದು.

ಮೂರನೆಯದಾಗಿ, ಕೆಲಸವನ್ನು ಸ್ಪಷ್ಟವಾಗಿ ಕಲಿಸಬೇಕು. ಪ್ರೀತಿಯಿಂದಿರ್ರಿ ಎಂದು ಹೇಳಿದರೆ ಸಾಲದು. ರೋಗಿಗಳನ್ನು ನೋಡಲಿಕ್ಕೆ ಹೋಗುವವರಿಗೆ ಇಷ್ಟನ್ನಾದರೂ ಕಲಿಸಿರಿ: ಬಹಳ ಹೊತ್ತು ಕೂತು ದಣಿಸಬಾರದು, ನೀರು, ಊಟ, ಔಷಧ ಉಂಟೋ ಎಂದು ವಿಚಾರಿಸಬೇಕು, ಸಣ್ಣದಾಗಿ ಪ್ರಾರ್ಥಿಸಬೇಕು, ಆ ಮನೆಯಲ್ಲಿ ಕೇಳಿದ್ದನ್ನು ಬಾವಿಯ ಕಟ್ಟೆಯಲ್ಲಿ ಹೇಳಬಾರದು. ಕ್ಷಯರೋಗದ ಔಷಧವನ್ನು ಸಾಧಾರಣವಾಗಿ ಆರು ತಿಂಗಳು ಬಿಡದೆ ತೆಗೆದುಕೊಳ್ಳಬೇಕು. ಎರಡು ತಿಂಗಳಲ್ಲಿ ಕೆಮ್ಮು ಕಡಿಮೆಯಾದರೂ ರೋಗದ ಕ್ರಿಮಿಗಳು ಒಳಗೆ ಉಳಿದಿರುತ್ತವೆ; ನಡುವೆ ಬಿಟ್ಟರೆ ರೋಗ ತಿರಿಗಿ ಏಳುವದು, ಮತ್ತು ಆ ಔಷಧಕ್ಕೆ ಬಗ್ಗದಂಥದ್ದೂ ಆಗಬಹುದು. ಪ್ರಾರ್ಥಿಸಿದ್ದೇವೆ, ಇನ್ನು ಗುಳಿಗೆ ಬೇಡ ಎಂದು ಯಾರೂ ಹೇಳಬಾರದು. ಗಾಯಗೊಂಡವನಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದ ಸಮಾರ್ಯದವನನ್ನು ಕರ್ತನು ಹೊಗಳಿದನಲ್ಲವೇ? ಹೆರಿಗೆ ಕಷ್ಟವಾದರೆ, ಹಾವು ಕಚ್ಚಿದರೆ, ತಡಮಾಡದೆ 108ಕ್ಕೆ ಫೋನು ಮಾಡಿ ಆಂಬುಲೆನ್ಸ್ ಕರೆಯುವದನ್ನು ಪ್ರತಿ ಮನೆಯಲ್ಲಿ ಒಬ್ಬರಾದರೂ ತಿಳಿದಿರಲಿ.

ನಾಲ್ಕನೆಯದಾಗಿ, ಜೊತೆಯಲ್ಲಿ ಕರಕೊಂಡು ಹೋಗಬೇಕು. ಮೊದಲನೆಯ ಸಾರಿ ನೀವು ಮಾಡಿರಿ, ಅವರು ನೋಡಲಿ. ಎರಡನೆಯ ಸಾರಿ ಇಬ್ಬರೂ ಮಾಡಿರಿ. ಮೂರನೆಯ ಸಾರಿ ಅವರು ಮಾಡಲಿ, ನೀವು ಸುಮ್ಮನೆ ನೋಡಿರಿ. ನಾಲ್ಕನೆಯ ಸಾರಿ ಅವರು ಇನ್ನೊಬ್ಬರನ್ನು ಕರಕೊಂಡು ಹೋಗಲಿ. ಮೂರನೆಯದು ಹಿರಿಯರಿಗೆ ಬಹು ಕಷ್ಟವೆಂದು ನಾವು ಅನುಭವದಿಂದ ಹೇಳುತ್ತೇವೆ. ಬಾಯಿ ತಾನಾಗಿ ನಡುವೆ ಬರುತ್ತದೆ.

ಐದನೆಯದಾಗಿ, ಒಪ್ಪಿಸಿ ವಿಚಾರಿಸಬೇಕು. ಒಪ್ಪಿಸಿದ ಮೇಲೆ ಅದನ್ನು ಕಸಕೊಳ್ಳಬಾರದು; ಒಪ್ಪಿಸಿ ಮರೆತುಬಿಡಲೂಬಾರದು. ತಿಂಗಳಿಗೊಮ್ಮೆ ಎಲ್ಲಾ ಸೇವಕರು ಕೂಡಿ, ಏನು ನಡೆಯಿತು, ಎಲ್ಲಿ ತಪ್ಪಿತು ಎಂದು ಮಾತಾಡಲಿ. ಕಾಣಿಕೆಯ ಹಣವನ್ನು ಯಾವಾಗಲೂ ಇಬ್ಬರು ಕೂಡಿ ಎಣಿಸಲಿ. ಲೆಕ್ಕವನ್ನು ಸಭೆಯ ಮುಂದೆ ಓದಲಿ. ಇದು ಅಪನಂಬಿಕೆಯಲ್ಲ, ಬಡವನಾದ ಸಹೋದರನನ್ನು ಶೋಧನೆಯಿಂದಲೂ ಸುಳ್ಳು ಅಪವಾದದಿಂದಲೂ ಕಾಯುವ ಬೇಲಿ.

8. ಎರಡು ಕಡೆಯವರಿಗೂ ಎಚ್ಚರಿಕೆ

ಹಿರಿಯರೇ, ಇತರರು ಕಲಿತರೆ ನಮ್ಮ ಮರ್ಯಾದೆ ಕಡಿಮೆಯಾಗುವದೆಂಬ ಭಯ ನಮ್ಮೊಳಗೆ ಇದೆಯೋ ಇಲ್ಲವೋ? ಇದೆ. ಅದನ್ನು ದೇವರ ಮುಂದೆ ಒಪ್ಪಿಕೊಳ್ಳೋಣ. ಸ್ನಾನಿಕನಾದ ಯೋಹಾನನು ಜನರೆಲ್ಲರು ಯೇಸುವಿನ ಬಳಿಗೆ ಹೋಗುತ್ತಾರೆಂದು ಕೇಳಿದಾಗ ಸಂತೋಷಪಟ್ಟನು. ಹೊಸಬರಿಗೆ ಆತುರದಿಂದ ದೊಡ್ಡ ಹೊರೆ ಹೊರಿಸಬಾರದೆಂಬದೂ ನೆನಪಿರಲಿ. ಸೇವಕರನ್ನು ಮೊದಲು ಪರೀಕ್ಷಿಸಬೇಕೆಂದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಅಪೊಸ್ತಲನು ಬುದ್ಧಿ ಹೇಳುತ್ತಾನೆ.

ಸಭೆಯವರೇ, ನಾವು ಓದದವರು, ಬಡವರು, ನಮ್ಮಿಂದ ಏನಾದೀತು ಎಂದು ನೀವು ಹೇಳುತ್ತೀರಿ. ಕೆಲವು ಸಾರಿ ಇದು ದೀನತೆಯ ಮಾತು. ಕೆಲವು ಸಾರಿ ತಪ್ಪಿಸಿಕೊಳ್ಳುವ ಮಾತು. ಯಾವದೆಂದು ನಿಮ್ಮ ಮನಸ್ಸಾಕ್ಷಿಗೆ ಗೊತ್ತು. ಪೇತ್ರ ಯೋಹಾನರು ಶಾಸ್ತ್ರಾಭ್ಯಾಸವಿಲ್ಲದ ಸಾಧಾರಣ ಜನರೆಂದು ಅಧಿಕಾರಿಗಳು ಆಶ್ಚರ್ಯಪಟ್ಟರು. ಅವರು ಯೇಸುವಿನ ಸಂಗಡ ಇದ್ದವರೆಂಬದನ್ನೂ ಗುರುತಿಸಿದರು.

ಇನ್ನೂ ಒಂದು ಮಾತು ಎರಡು ಕಡೆಯವರಿಗೂ ಸಲ್ಲುತ್ತದೆ. ನಮ್ಮ ಸೇವೆ ನಮ್ಮ ಕೇರಿಯವರಿಗೆ ಮಾತ್ರವಲ್ಲ. ನೆರೆಯವನು ಯಾವ ಮತದವನಾದರೂ ಅವನ ಮನೆಯಲ್ಲಿ ಕಷ್ಟವಾದಾಗ ಹೋಗತಕ್ಕದ್ದು. ಹೋದ ಮೇಲೆ, ಉಪಕಾರವನ್ನು ಬಲೆಗೆ ಇಟ್ಟ ಕಾಳಿನಂತೆ ಮಾಡಬಾರದು. ಸಹಾಯಕ್ಕೆ ಬೆಲೆ ಕೇಳಿದರೆ ಅದು ಸಹಾಯವಲ್ಲ, ವ್ಯಾಪಾರ. ಸಮಾರ್ಯದವನು ಗಾಯಗೊಂಡವನ ಮತವನ್ನು ವಿಚಾರಿಸಲಿಲ್ಲ, ಪ್ರತಿಫಲವನ್ನೂ ಕೇಳಲಿಲ್ಲ. ಛತ್ರದವನಿಗೆ ತಾನೇ ಎರಡು ಹಣ ಕೊಟ್ಟು ಹೋದನು.

ಕಡೇ ಮಾತು

ಆ ಹಳ್ಳಿಯ ಸಭೆಗೆ ನಾವು ಮರುವರುಷ ತಿರಿಗಿ ಹೋದೆವು. ಗಂಟೆ ಹೊಡೆದವನು ಒಬ್ಬ ಹುಡುಗ. ಎರಡು ಸಾರಿ ಹೆಚ್ಚಾಗಿ ಹೊಡೆದನು, ಯಾರೂ ಗದರಿಸಲಿಲ್ಲ. ವೇದ ಓದಿದವಳು ಏಳನೆಯ ತರಗತಿಯ ಹುಡುಗಿ. ಉಪದೇಶಿಗಳು ಕೋಲು ಊರಿಕೊಂಡು ಬಂದು ಜನರ ನಡುವೆ ಚಾಪೆಯ ಮೇಲೆ ಕೂತರು. ಒಬ್ಬ ಸಹೋದರನು ಪ್ರಾರ್ಥನೆಯ ನಡುವೆ ಮಾತು ಮರೆತು ನಿಂತಾಗ, ಅವರು ಬಾಯಿ ತೆರೆಯಹೋಗಿ, ನಮ್ಮ ಕಡೆ ನೋಡಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಆ ಸಹೋದರನಿಗೆ ಮಾತು ತಿರಿಗಿ ಬಂತು.

ಆ ವಿಧವೆಯ ಔಷಧವನ್ನು ಆಸ್ಪತ್ರೆಯವರು ಹೊಸದಾಗಿ ಆರಂಭಿಸಿದ್ದರು. ಈ ಸಾರಿ ನೆರೆಯ ಇಬ್ಬರು ಹೆಂಗಸರು ಸರದಿಯಿಂದ ಗುಳಿಗೆ ತಂದು, ಅವಳು ಅದನ್ನು ನುಂಗುವ ವರೆಗೆ ಹತ್ತರ ಕೂತಿದ್ದರು. ಅವಳು ಗುಣಹೊಂದಿದಳು. ಆರಾಧನೆ ಮುಗಿದ ಮೇಲೆ ನಾವು ಅವಳನ್ನು ಹುಡುಕಿದೆವು, ಕಾಣಲಿಲ್ಲ. ಕೇಳಿದಾಗ, ಮೇಲಿನ ಬೀದಿಯ ಒಂದು ಮನೆಯಲ್ಲಿ ಒಬ್ಬನಿಗೆ ಅದೇ ರೋಗ ಬಂದಿದೆ, ಅವರು ನಮ್ಮ ಸಭೆಯವರಲ್ಲ, ಔಷಧವನ್ನು ನಡುವೆ ಬಿಡಬೇಡವೆಂದು ಹೇಳಲಿಕ್ಕೆ ಅವಳು ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತಾಳೆ ಎಂದು ಹೇಳಿದರು. ಅವಳಿಗೆ ಅಕ್ಷರ ಬಾರದು. ಆದರೆ ಈ ಒಂದು ಪಾಠವನ್ನು ಆ ಊರಿನಲ್ಲಿ ಅವಳಷ್ಟು ಚೆನ್ನಾಗಿ ಕಲಿಸುವವರು ಬೇರೆ ಯಾರೂ ಇಲ್ಲ.

ಪ್ರಿಯರೇ, ನಿಮ್ಮ ಸಭೆಯಲ್ಲಿಯೂ ಇಂಥವರು ಕೂತಿದ್ದಾರೆ. ಅವರನ್ನು ನೋಡುವ ಕಣ್ಣನ್ನೂ, ಕರೆಯುವ ಬಾಯನ್ನೂ, ಕಲಿಸುವ ತಾಳ್ಮೆಯನ್ನೂ ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ಎಫೆಸದ ಪತ್ರಿಕೆಯ ಪ್ರಕಾರ ನಾಯಕರ ಕೆಲಸ ಯಾವದು? ಸಭೆಯವರ ಕೆಲಸ ಯಾವದು?
2. ಇತ್ರೋನನು ಹೇಳಿದ ಮೂರು ಸಂಗತಿಗಳಲ್ಲಿ ನಮ್ಮ ಸಭೆಗೆ ಹೆಚ್ಚಾಗಿ ಬೇಕಾದದ್ದು ಯಾವದು?
3. ನಮ್ಮ ಊರಿನಲ್ಲಿ ಯಾರ ಮನೆಗೆ ಸಹಾಯ ತಲುಪದೆ ಹೋಗುತ್ತದೆ? ಆ ಮನೆಯವರ ಮಾತನ್ನು ಕೇಳಿದ್ದೇವೋ?
4. ನಮ್ಮ ಉಪದೇಶಿಗಳು ಮೂರು ತಿಂಗಳು ಇಲ್ಲದಿದ್ದರೆ ಯಾವ ಯಾವ ಕೆಲಸಗಳು ನಿಂತುಹೋಗುವವು?

ಈ ತಿಂಗಳು ಮಾಡತಕ್ಕದ್ದು

ಪ್ರತಿ ಹಿರಿಯನು ತಾನು ಒಬ್ಬನೇ ಮಾಡುತ್ತಿರುವ ಒಂದು ಕೆಲಸವನ್ನು ಆರಿಸಿ, ಅದನ್ನು ಕಲಿಯತಕ್ಕ ಒಬ್ಬರ ಮನೆಗೆ ಹೋಗಿ ಕರೆಯಲಿ. ಸಭೆಯ ಪ್ರತಿಯೊಬ್ಬರೂ ತಮ್ಮ ಮನೆಯ ಬಲಗಡೆಯ ಮತ್ತು ಎಡಗಡೆಯ ನೆರೆಯವರ ಕಷ್ಟವನ್ನು ಒಂದು ಸಾರಿಯಾದರೂ ವಿಚಾರಿಸಲಿ. ತಿಂಗಳ ಕೊನೆಯಲ್ಲಿ ಕೂಡಿ, ನಡೆದದ್ದನ್ನು ಒಬ್ಬರಿಗೊಬ್ಬರು ತಿಳಿಸಿ, ಅವರ ಹೆಸರುಗಳನ್ನೆತ್ತಿ ಪ್ರಾರ್ಥಿಸಿರಿ.